ಬೊಳ್ಳಿಯನ್ನು ಮೀಯಿಸಿದ ಶುಕ್ರವಾರ

ಆಗೆಲ್ಲ ನನ್ನ ಪಾಲಿಗೆ ಕುವೈತಿನ ಚಳಿಗಾಲವೆಂದರೆ ಶಾಂಪೂ ವಾಸನೆ. ಸಂಜೆ ಮಂಗಫ್‌ನ ಫ್ಲಾಟಿಗೆ ಬರುವ ಪಪ್ಪನ ಅಂಗಿ ಎಳೆಮಗುವಿನ ಹಾಗೆ ಘಮಘಮಿಸುತ್ತಿತ್ತು. "ನಮ್ಮ ಹುಡುಗಿಗಿಲ್ಲದ ಶಾಂಪೂ ಆಡಿಗೆ ಉಂಟು, ನೋಡಿ!" ಎಂದು ಅಮ್ಮ ಗೊಣಗುತ್ತಿದ್ದಳು.

ಪಪ್ಪ ವಫ್ರಾದ ತೋಟವೊಂದರಲ್ಲಿ ಧಣಿಯ ಶಾಮಿ ತಳಿಯ ಆಡುಗಳನ್ನು ನೋಡಿಕೊಳ್ಳುತ್ತಿದ್ದರು. ಸೌಂದರ್ಯ ಸ್ಪರ್ಧೆಗೆಂದೇ ಸಾಕಿದ ಆಡುಗಳು. ಮೂಗು ಬಾಗಿದಷ್ಟೂ ಬೆಲೆ ಹೆಚ್ಚು. ಆದರೆ ಆ ವಕ್ರ ಮೂತಿಯ ಮರಿಗಳಿಗೆ ಮೇಲಿನ ದವಡೆ ಗಿಡ್ಡವಾಗಿ ಮೊಲೆ ಚೀಪಲಿಕ್ಕೇ ಆಗುತ್ತಿರಲಿಲ್ಲ. ತಾಯಂದಿರ ಹಾಲೂ ಅಷ್ಟಕ್ಕಷ್ಟೆ. ಮರಿಗಳ ಜೀವ ಉಳಿಸುತ್ತಿದ್ದವಳು ಬೊಳ್ಳಿ, ಯಾವ ಜಾತಿಗೂ ಸೇರದ, ನೆಟ್ಟನೆ ಮೂಗಿನ ಬಿಳಿ ಆಡು. ಪಪ್ಪ ಅವಳ ಹಾಲು ಕರೆದು ಬಾಟಲಿಯಲ್ಲಿ ಕುಡಿಸುತ್ತಿದ್ದರು. ಧಣಿ ಬರುವ ದಿನ ಮಾತ್ರ ಅವಳನ್ನು ಮೇವಿನ ಕೊಟ್ಟಿಗೆಯ ಹಿಂದೆ ಕಟ್ಟುತ್ತಿದ್ದರು.

ಶುಕ್ರವಾರ ಶಾಲೆಗೆ ರಜೆ. ಅಮ್ಮ ಕಟ್ಟಿಕೊಟ್ಟ ಬನ್ಸ್ ತಿನ್ನುತ್ತ, ದಾರಿಯುದ್ದಕ್ಕೂ ತಲೆಯಾಡಿಸುವ ಎಣ್ಣೆ ಪಂಪುಗಳನ್ನು ಎಣಿಸುತ್ತ ನಾನೂ ಪಪ್ಪನ ಜೊತೆ ಹೋಗುತ್ತಿದ್ದೆ.

"ಬೊಳ್ಳಿಯನ್ನು ಯಾಕೆ ಹೈಡ್ ಮಾಡೋದು ಪಪ್ಪಾ? ಇಟ್ಸ್ ನಾಟ್ ಫೇರ್."

"ಅವರಿಗೆ ಮೂಗು ನೋಡ್ಲಿಕ್ಕೆ ಗೊತ್ತುಂಟು ಮಗಾ. ಕೆಚ್ಚಲು ನೋಡ್ಲಿಕ್ಕೆ ಗೊತ್ತಿಲ್ಲ."

ಒಂಬತ್ತು ವರ್ಷದ ನನ್ನ ತಲೆಗೆ ಅರ್ಥವಾದದ್ದು ಇಷ್ಟೆ: ಬೊಳ್ಳಿ ಚಂದ ಇಲ್ಲ, ಅದಕ್ಕೇ ಬಚ್ಚಿಡುತ್ತಾರೆ. ಹಾಗಾದರೆ ಚಂದ ಮಾಡಿದರಾಯಿತು!

ಸ್ಪರ್ಧೆಗೆ ಮುಂಚಿನ ಶುಕ್ರವಾರ ಪಪ್ಪ ಅಮೀರಾ ಎಂಬ ಆಡಿಗೆ ಸ್ನಾನ ಮಾಡಿಸಿ, ಹೇರ್ ಡ್ರೈಯರ್ ಹಿಡಿದು, ಗೊರಸಿಗೆ ಎಣ್ಣೆ ಹಚ್ಚುತ್ತಿದ್ದರು. ಮಿಕ್ಕ ಶಾಂಪೂ ಕದ್ದು ನಾನು ಕೊಟ್ಟಿಗೆಯ ಹಿಂದೆ ಹೋದೆ. ಬೊಳ್ಳಿ ಪಾಪ, ಅಷ್ಟು ತಣ್ಣೀರಿಗೂ ಅಲುಗದೆ ನಿಂತಳು. ನನ್ನ ಬಾಚಣಿಗೆಯಿಂದಲೇ ಬಾಚಿದೆ. ನನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಅವಳ ಕೊರಳಿಗೆ ಕಟ್ಟಿದೆ. ಧಣಿ ಗೆಳೆಯರೊಂದಿಗೆ ಜಮಖಾನದ ಮೇಲೆ ಚಹಾ ಕುಡಿಯುತ್ತಿದ್ದಾಗ, ಪಪ್ಪ ಅಮೀರಾಳನ್ನು ನಡೆಸಿದ ಹಾಗೆಯೇ ಬೊಳ್ಳಿಯನ್ನು ಅವರ ಮುಂದೆ ನಡೆಸಿಕೊಂಡು ಬಂದೆ.

ಒಬ್ಬರು ತಮ್ಮ ಮೂಗಿನ ಮೇಲೆ ಬೆರಳಿಟ್ಟು ತೋರಿಸಿ ನಕ್ಕರು. ಎಲ್ಲರೂ ನಕ್ಕರು, ಧಣಿಯೊಬ್ಬನನ್ನು ಬಿಟ್ಟು.

"ಶಿನೂ ಹಾದಾ?" ಇದೇನಿದು ಎಂದು ಪಪ್ಪನತ್ತ ತಿರುಗಿ ಕೇಳಿದ.

ಪಪ್ಪ ಓಡಿಬಂದರು. ಮರಿಗಳು ಬದುಕಿರುವುದೇ ಇವಳ ಹಾಲಿನಿಂದ ಎಂದು ತಮಗೆ ಬಂದಷ್ಟು ಅರಬಿಯಲ್ಲಿ ಕೈಮುಗಿದು ಹೇಳಿದರು. ಧಣಿ ಹಾಲಿನ ಪುಡಿ ತರಿಸಲು ಹೇಳಿ, ಬೊಳ್ಳಿಯತ್ತ ಕೈ ಬೀಸಿದ. "ಖಲಾಸ್!"

ಕಸಾಯಿಖಾನೆಯ ಪಿಕಪ್ ಮಧ್ಯಾಹ್ನವೇ ಬಂತು. ರಿಬ್ಬನ್ ಬಿಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮರಳುವಾಗ ನಾನು ಬಿಕ್ಕುತ್ತ ಕೇಳಿದೆ, "ನಾನು ಸ್ನಾನ ಮಾಡಿಸದಿದ್ದರೆ ಇರ್ತಿದ್ದಳಾ ಪಪ್ಪಾ?"

ಪಪ್ಪ ಕಿಟಕಿಯಾಚೆ ಕೈ ತೋರಿಸಿದರು. "ಪಂಪು ಎಣಿಸು ಮಗಾ," ಎಂದರು.

ಒಂದು ಬೈಗುಳ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪುಡಿ ಹಾಲಿಗೆ ಭೇದಿಯಾಗಿ ವಾರದೊಳಗೆ ಎರಡು ಮರಿಗಳು ಸತ್ತವು. ಅಮೀರಾ ಬಹುಮಾನ ಗೆದ್ದಳು. ಪಪ್ಪ ಮತ್ತೆಂದೂ ನನ್ನನ್ನು ತೋಟಕ್ಕೆ ಕರೆದೊಯ್ಯಲಿಲ್ಲ, ನಾನೂ ಕೇಳಲಿಲ್ಲ.

ಅಮೀರಾಳ ಹಗ್ಗ ಹಿಡಿದು ಪಪ್ಪ ನಿಂತಿರುವ ಫೋಟೋ ಈಗಲೂ ನನ್ನಲ್ಲಿದೆ. ಬೊಳ್ಳಿಯದು ಒಂದೂ ಇಲ್ಲ. ಅವಳ ಕುತ್ತಿಗೆಗೆ ಮುಖ ಒತ್ತಿದರೆ ಹಾಲು, ಹುಲ್ಲು, ಗಂಜಲ ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ಅದೊಂದಾದರೂ ನನ್ನಲ್ಲಿ ಉಳಿದಿರಲಿ ಎಂದು ಎಷ್ಟೋ ಸಲ ಕಣ್ಣು ಮುಚ್ಚಿ ಹುಡುಕಿದ್ದೇನೆ. ಬರುವುದು ಶಾಂಪೂ ವಾಸನೆ ಮಾತ್ರ.