ಹೊಸ್ತಿಲ ಮೇಲಿನ ಸೀದ ರೊಟ್ಟಿ

ಏಳನೇ ತರಗತಿಗೆ ಪಾತ್ರ ಪರಿಚಯ ಕಲಿಸುವಾಗ ನನ್ನದು ಒಂದೇ ಹಟ: 'ಒಳ್ಳೆಯವಳು', 'ದಯಾಳು' ಎಂದು ಬರೆದರೆ ಸೊನ್ನೆ. ಆ ಪಾತ್ರ ಏನು ಮಾಡಿತು, ಅದನ್ನು ಹೇಳಿ. ಶಹಾಪುರದಿಂದ ಖಾನಾಪುರಕ್ಕೆ ದಿನಾ ಬಸ್ಸಿನಲ್ಲಿ ನಿಂತು ಬರುವವಳು ನಾನು, ಗೈಡಿನ ಉತ್ತರ ಓದಲಿಕ್ಕಲ್ಲ. ಕಥೆಯ ಆಶಯ ಕೇಳಿದರಂತೂ, ಯಾವ ಕಥೆಯೇ ಇರಲಿ, 'ಹಿರಿಯರನ್ನು ಗೌರವಿಸಬೇಕು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ ಪುಣ್ಯಾತ್ಮರು.

ಆ ವರ್ಷ ಕಣಕುಂಬಿಯ ಹುಡುಗಿಯೊಬ್ಬಳಿದ್ದಳು. ಮನೆಮಾತು ಮರಾಠಿ. ಖಾನಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನಮ್ಮ ಕನ್ನಡ ಶಾಲೆಗೆ ಬರುತ್ತಿದ್ದಳು. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಒಂದು ದಿನ ಅವಳಪ್ಪ ಬಂದು, ಇವಳಿಗೆ ಕನ್ನಡ ಹತ್ತುವುದಿಲ್ಲ, ಊರಿನ ಮರಾಠಿ ಶಾಲೆಗೇ ಹಾಕುತ್ತೇನೆ ಎಂದ. ಹುಡುಗಿ ಬಾಗಿಲಲ್ಲಿ ಚೀಲ ಅವುಚಿಕೊಂಡು ಅಳುತ್ತಿದ್ದಳು. ಅವಳಿಗೆ ಇಲ್ಲೇ ಇರಬೇಕಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಪಾಠ ಕೂತು ನೋಡಿ, ಆಮೇಲೂ ಕರೆದೊಯ್ಯುವುದಾದರೆ ನಾನು ಅಡ್ಡ ಬರುವುದಿಲ್ಲ ಎಂದೆ. ಅವನು ಹಿಂದಿನ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ಕೂತ.

ಕಥೆ ನಾನೇ ಕಟ್ಟಿದ್ದು. ಒಬ್ಬ ಮುದುಕಿ ಚೆನ್ನಾಗಿ ಬೆಂದ ರೊಟ್ಟಿಗಳನ್ನು ಎಲ್ಲರಿಗೂ ಬಡಿಸಿ, ಸೀದದ್ದನ್ನು ತಾನು ಹೊಸ್ತಿಲ ಮೇಲೆ ಕೂತು ತಿನ್ನುತ್ತಾಳೆ. ಅಷ್ಟೇ. ಇಡೀ ತರಗತಿ ಒಂದೇ ಬಾಯಲ್ಲಿ 'ತ್ಯಾಗಮಯಿ' ಎಂದಿತು. ನಾನು ಹಣೆ ಚಚ್ಚಿಕೊಂಡು ಆ ಹುಡುಗಿಯನ್ನು ಎಬ್ಬಿಸಿದೆ. ಮರಾಠಿ ಬೆರೆತರೆ ಬೆರೆಯಲಿ, ಮಾತಾಡು ಎಂದೆ.

ಅವಳು ನೆಲ ನೋಡುತ್ತಲೇ ಹೇಳಿದಳು:

"ಹೊಸ್ತಿಲ ಮ್ಯಾಲ ಕುಂದರಬಾರ್ದರೀ. ಆದ್ರೂ ಕುಂತಾಳ. ಎಲ್ಲಾರೂ ನೋಡ್ಲಿ ಅಂತ."

ಹೊಸ್ತಿಲ ಮೇಲೆ ಕೂತರೆ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಬೈಯುತ್ತಾರೆ. ಅದಕ್ಕೇ ಮುದುಕಿಯನ್ನು ಬೇಕಂತಲೇ ಅಲ್ಲಿ ಕೂರಿಸಿದ್ದೆ. ಹಾಗಾದರೆ ಕಥೆಯ ಆಶಯವೇನು ಎಂದು ಕೇಳಿದೆ.

"ಕೊಡಾವ್ರಿಗೂ ಏನರ ಬೇಕಿರ್ತದರೀ. ಯಾರೂ ಕೇಳಂಗಿಲ್ಲ."

ನನಗೆ ಕುಣಿಯುವಷ್ಟು ಖುಷಿಯಾಯಿತು. ನೋಡಿದಿರಾ ಎಂಬಂತೆ ಹಿಂದಿನ ಬೆಂಚಿನತ್ತ ತಿರುಗಿದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಗಂಟೆ ಹೊಡೆದ ಮೇಲೆ ಬಳಿಗೆ ಬಂದು, ಮಗಳ ಚೀಲವನ್ನು ತಾನೇ ಒಯ್ದು ಅವಳ ಜಾಗದಲ್ಲಿ ಇಟ್ಟ.

"ಇಕಿ ಇಲ್ಲೇ ಕಲೀಲ್ರಿ," ಎಂದ. "ನಮ್ಮ ಆಯಿ, ಇಕಿ ಅಜ್ಜಿ, ಹೊಸ್ತಿಲದಾಗ ಕುಂತೇ ಉಣ್ತಾಳ. ಇವತ್ತ ಆಕಿ ಬಾಜೂಕ ನಾನೂ ಕುಂದರ್ತೇನಿ."