ಲಾಳಿಯಿಂದ ಬಡಿದು ಕೇಳಿದ ಎಂಜಿನ್

ನಮ್ಮ ಓಣಿಯ ಮಿಸ್ತ್ರಿಯ ಮೈಯೆಲ್ಲ ಎಂಜಿನ್ ಎಣ್ಣೆಯ ಕಪ್ಪು, ಎಡಗಿವಿ ಮಾತ್ರ ಬಿಳಿ. ಅದರ ಹಿಂದೆ ಸದಾ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡಿರುತ್ತಿದ್ದ. ಗುಜರಿಯಿಂದ ತಂದ ಸಾಮಾನಿನ ಮೇಲೆ ಅದು ಬಂದ ಊರನ್ನು ಬರೆಯುತ್ತಿದ್ದ: ಹರ್ತಿಯ ಹೆಡ್ಡು, ಅಡರಕಟ್ಟಿಯ ಪಂಪು.

"ಹೊಸಾ ಡುಪ್ಲಿಕೇಟ್ ಬ್ಯಾಡ್ರಿ. ಹಳೇದಾದ್ರೂ ಕಂಪನೀದಿರ್ಲಿ, ಅದು ದುಡದು ತೋರಿಸೇತಿ" ಎನ್ನುತ್ತಿದ್ದ. ಟ್ರ್ಯಾಕ್ಟರಿನಿಂದ ಭಾರ ಜಗ್ಗುವ ಸ್ಪರ್ಧೆಗೆ ಇಳಿಯುವ, ಆದರೆ ಕೈ ಬಿಗಿಯಿದ್ದ ಜನ ಅವನಲ್ಲಿಗೇ ಬರುತ್ತಿದ್ದರು.

ಎಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡ, ಹಳೆಯ ಕ್ರ್ಯಾಂಕನ್ನು ಬೇವಿನ ಟೊಂಗೆಗೆ ತೂಗುಹಾಕಿ, ನಮ್ಮ ಹಳೆಯ ಮಗ್ಗದ ಲಾಳಿಯಿಂದ ಬಡಿಯುತ್ತಿದ್ದ. ಗಂಟೆಯ ಹಾಗೆ ನಾದ ಉಳಿದರೆ ಗಟ್ಟಿ. ಸದ್ದು ಅಲ್ಲೇ ಸತ್ತರೆ ಒಳಗೆ ಬಿರುಕು. ಆದರೆ ಮಿಸ್ತ್ರಿಯಾಗುವ ಮೊದಲು ಪವರ್‌ಲೂಮಿನ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದು ಅವನ ಕಿವಿ ಮಂದವಾಗಿತ್ತು. ಯಾರಿಗೂ ಹೇಳಲಿಲ್ಲ. ಒಂದು ಸ್ಪರ್ಧೆಯಲ್ಲಿ ಅವನು ಕೂಡಿಸಿದ ಕ್ರ್ಯಾಂಕ್ ತುಂಡಾಗಿ, ಎಂಜಿನ್ ಒಡೆದು, ಚೂರು ಹಾರಿ ಓಡಿಸುವವನ ಮೊಣಕಾಲಿಗೆ ಬಡಿಯಿತು. ಆ ಓಡಿಸುವವ ಇಂದಿಗೂ ಕುಂಟುತ್ತಾನೆ. ಆಮೇಲೆ ಮಿಸ್ತ್ರಿಯ ಬಾಗಿಲಿಗೆ ಯಾರೂ ಬರಲಿಲ್ಲ. ಅವನು ಕೂಡಿಸಿದ ಎಂಜಿನ್ನಿಂದ ಗೆದ್ದವರೂ ಮಾತು ಬಿಟ್ಟರು.

ನಮ್ಮದು ಮಗ್ಗ ಮಾರಿ ಟ್ರ್ಯಾಕ್ಟರ್ ತಂದ ಮನೆ. ಸ್ಪರ್ಧೆಗೆ ಇಳಿಯುವ ಹಟ ಹಿಡಿದ ನನ್ನ ಮೊಮ್ಮಗಳು ಅವನ ಬಳಿಗೇ ಹೋದಳು. ಅವನು ನನ್ನನ್ನು ಕರೆಸಿದ.

"ಅಕ್ಕಾ, ನೀ ಕೇಳು. ನನ್ನ ಕಿವಿ ಹೋಗೇತಿ."

"ಕಬ್ಬಣದ್ದು ನನಗೇನ್ ತಿಳೀತೈತೋ?"

"ಗಡಗಿ ಕೊಳ್ಳೂವಾಗ ಬಡದು ಬಡದು ಕುಂಬಾರನ ಜೀವಾ ತಿಂತಿಯಲ್ಲ, ಹಂಗ ಕೇಳು."

ಬಡಿದ. ದಿನಗಟ್ಟಲೆ ಉಜ್ಜಿ ಹೊಳಪು ಬರಿಸಿದ್ದ ಕ್ರ್ಯಾಂಕ್ ಅದು.

"ಸತ್ತೈತೋ" ಎಂದೆ.

ಮೊಮ್ಮಗಳ ಮುಖ ಸಣ್ಣದಾಯಿತು. ಅವನು ಅದರ ಮೇಲೆ ಸುಣ್ಣದ ಅಡ್ಡಗೆರೆ ಎಳೆದು ಬದಿಗಿಟ್ಟ. ಆಮೇಲೆ ಕೊರ್ಲಹಳ್ಳಿಯ ಒಂದು ಮುರುಕು ಟ್ರ್ಯಾಕ್ಟರಿನಿಂದ ಇನ್ನೊಂದು ಕ್ರ್ಯಾಂಕ್ ತಂದು ತೂಗಿಸಿದ. ಬಡಿದರೆ ನಾದ ನಿಲ್ಲಲೇ ಒಲ್ಲದು. ನಾನು ಬಾಯಿ ತೆರೆಯುವ ಮೊದಲೇ ಅವನೆಂದ, "ಹೇಳಬ್ಯಾಡ. ನಿನ್ನ ಮಾರಿ ಮ್ಯಾಲ ಕೇಳಿಸ್ತು."

ಎಂಜಿನ್ ಕೂಡಿತು. ಸ್ಪರ್ಧೆಗೆ ಮೊದಲೇ ಅವನು ಎದೆ ಹಿಡಿದುಕೊಂಡು ಹೋಗಿಬಿಟ್ಟ. ಹೆಣ ಎತ್ತಲು ಗಂಡಸರು ಸಾಲಲಿಲ್ಲ. ನಾಲ್ಕನೆಯ ಹೆಗಲು ನನ್ನ ಮೊಮ್ಮಗಳದು.

ಮುಂಡರಗಿ ಕಡೆಯ ಹೊಲದಲ್ಲಿ ಕಲ್ಲು ತುಂಬಿದ ಟ್ರೇಲರನ್ನು ನನ್ನ ಕೂಸು ಎಲ್ಲರಿಗಿಂತ ದೂರ ಎಳೆದಳು. ಸೆರಗು ಜಾರಿದ್ದೂ ತಿಳಿಯದೆ ಕುಣಿದೆ. ಆ ಹಿಗ್ಗು ಈಗಲೂ ಎದೆಯಲ್ಲಿ ಹಿಡಿಸುವುದಿಲ್ಲ. ಮರುದಿನ ಬಂದರು, ಮಿಸ್ತ್ರಿಯ ಅದೇ ಹಳೆಯ ಗಿರಾಕಿಗಳು.

"ಆಯೀ, ಎಂಜಿನ್ ಯಾರ ಕಡೆ ಮಾಡ್ಸೀರಿ? ನಮಗೂ ಮನಿ ತೋರಸ್ರಿ."

"ನಿಮಗ ಗೊತ್ತಿದ್ದ ಮನೀನ ಐತಿ. ಈಗ ಕೀಲಿ ಹಾಕೇತಿ."

ಕುಡಿಯಲು ನೀರು ಕೂಡ ಕೊಡಲಿಲ್ಲ ಅವರಿಗೆ.

ಕಿವಿ ಹೋಗಿದೆ ಎಂಬ ಮಾತನ್ನು ಅವನು ಜೀವ ಇದ್ದಾಗ ನನ್ನೊಬ್ಬಳಿಗೆ ಮಾತ್ರ ಹೇಳಿದ. ಅದಕ್ಕೇ ನನ್ನ ಮೊಮ್ಮಗಳು ಆ ಹೊಲದಿಂದ ಎರಡೂ ಕಾಲ ಮೇಲೆ ನಡೆದು ಬಂದಳು.