“ಅಕ್ಕಾ, ಇದು ಯಾರದು?”

ನನ್ನ ಸೋದರಮಾವನ ಹೆಬ್ಬೆರಳು ಬಿಸಿ ಗಾಜಿನ ನಳಿಗೆ ಹಿಡಿದು ಹಿಡಿದು ಜಡ್ಡುಗಟ್ಟಿತ್ತು. ಅದರಿಂದ ನನ್ನ ಗಲ್ಲ ಸವರಿದರೆ ಜೋಳದ ಒಣ ಎಲೆಯ ಒರಟು ರವದಿ ತಾಗಿದಂತಾಗುತ್ತಿತ್ತು. ಹೈದರಾಬಾದಿನ ಕಾಲೇಜಿನಲ್ಲಿ ಸಕ್ಕರೆ ಕಾಯಿಲೆಯ ಸಂಶೋಧನೆ ಅವನ ಕೆಲಸ. ಊರಿಗೆ ಬಂದರೂ ಬಾಯಲ್ಲಿ ಒಂದೇ ಮಾತು, “ಯಾಕ?” ಎಮ್ಮೆ ಯಾಕೆ ಮೆಲುಕು ಹಾಕುತ್ತದೆ? ಇರುವೆಗೆ ಬೆಲ್ಲದ ಸುದ್ದಿ ಹೇಳಿದವರಾರು?

“ಏನಪಾ, ಕಾಗಿ ಹಾಂಗ ಯಾಕ, ಯಾಕ ಅಂತಿ!” ಎಂದು ಅಪ್ಪ ಕಾಡುತ್ತಿದ್ದ.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವರ್ಷ ಕಾಲೇಜು ಕೆಲವು ದಿನ ಮುಚ್ಚಿತು. ನಳಿಗೆಗಳನ್ನೂ ನೀಲಿ ಔಷಧದ ಸೀಸೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಮಾವ ಭಾತಂಬ್ರಾದ ನಮ್ಮ ಮನೆಗೆ ಬಂದ. ಅವ್ವ ಆಗ ಸೊರಗಿ ಕಡ್ಡಿಯಾಗಿದ್ದಳು. ಕೊಡ ಖಾಲಿ ಮಾಡಿದರೂ ದಾಹ ತೀರದು. ಗಾಳಿ ಸೋಕಿದೆ ಎಂದರು ಊರವರು. ಮಾವ ಮಾತ್ರ ಬಚ್ಚಲ ಕಲ್ಲಿಗೆ ಮುತ್ತಿದ್ದ ಇರುವೆಗಳನ್ನು ಕುಕ್ಕರಗಾಲಲ್ಲಿ ಕೂತು ನೋಡಿದ. ಮುಖ ಸಪ್ಪಗಾಯಿತು.

“ಅಕ್ಕಾ, ಮುಂಜಾನಿ ಸ್ವಲ್ಪ ಮೂತ್ರ ಬೇಕಾಗ್ಯದ,” ಅಂದ. “ನಿಂದು” ಎಂಬ ಮಾತನ್ನು ನಾಚಿಕೆಯಿಂದ ನುಂಗಿಬಿಟ್ಟ. ನಮ್ಮಲ್ಲಿ ಮದ್ದಿಗೆ ಮೂತ್ರವೆಂದರೆ ಆಕಳದೇ. ಅವ್ವ ಮರುದಿನ ತಂಬಿಗೆ ತುಂಬ ಕೊಟ್ಟಳು.

ಅದರ ಹನಿಗಳನ್ನು ನೀಲಿ ಔಷಧಕ್ಕೆ ಹಾಕಿ ದೀಪಕ್ಕೆ ಹಿಡಿದ. ನೀಲಿ ನೀಲಿಯಾಗಿಯೇ ಉಳಿಯಿತು. “ಅಕ್ಕಾ, ನಿನಗ ಸಕ್ಕರಿ ಬ್ಯಾನಿ ಇಲ್ಲ!” ಎಂದು ಕುಣಿದೇಬಿಟ್ಟ. ಪೆಟ್ಟಿಗೆ ಮುಚ್ಚಲು ಹೋದವನಿಗೆ ಮತ್ತೆ ಬಚ್ಚಲಲ್ಲಿ ಇರುವೆಗಳು ಕಂಡವು. ತಂಬಿಗೆಯನ್ನು ಎತ್ತಿ ತೋರಿಸಿದ.

“ಅಕ್ಕಾ, ಇದು ಯಾರದು?”

“ಗೌರಿದು.”

“ಯಾವ ಗೌರಿ?”

“ನಮ್ಮ ಆಕಳೋ ತಮ್ಮಾ, ಮತ್ಯಾವಾಕಿ!”

ಅಪ್ಪ ಬಿದ್ದು ಬಿದ್ದು ನಕ್ಕ. ಮಾವ ನಗಲಿಲ್ಲ. “ಗೌರಿ ಆರಾಮ ಅದಾಳ. ಈಗ ನಿಂದು ಕೊಡು, ಅಕ್ಕಾ.”

ಈ ಸಲ ನೀಲಿ ಹೋಗಿ ಇಟ್ಟಂಗಿ ಕೆಂಪಾಯಿತು. ಅವನೇ ಅವ್ವನನ್ನು ಹೈದರಾಬಾದಿಗೆ ಕರೆದೊಯ್ದು ಸೂಜಿಮದ್ದು ಕೊಡಿಸಿದ. ಅದರಿಂದ ಬದುಕಿದ ಅವ್ವ ನನ್ನ ಮದುವೆ ಮಾಡಿದಳು, ಬಾಣಂತನವನ್ನೂ ಮಾಡಿದಳು.

ಮಾವ ಮುಂದೆ ಪ್ರೊಫೆಸರಾದ. ಹೊಸ ವಿದ್ಯಾರ್ಥಿಗಳಿಗೆ ಗೌರಿಯ ಕಥೆ ಹೇಳಿ, “ಮದಲ ಯಾರದು ಅಂತ ಕೇಳ್ರಿ, ಆಮ್ಯಾಲ ಏನದ ನೋಡ್ರಿ,” ಎನ್ನುತ್ತಿದ್ದನಂತೆ. ಅವನು ತೀರಿ ಬಹಳ ವರ್ಷಗಳಾದವು.

ನಿನ್ನೆ ನನ್ನ ಮೊಮ್ಮಗಳಿಗೆ ಅದೇ ಕಾಯಿಲೆಯ ಸಂಶೋಧನೆಗೆ ಡಾಕ್ಟರೇಟ್ ಬಂತು! ಅವಳು ಬರೆದದ್ದರ ಹೆಸರೂ ನನಗೆ ಓದಲು ಬಾರದು. ಆದರೂ ನೆಲದ ಮೇಲೆ ಕಾಲು ನಿಲ್ಲದೆ ಓಣಿಗೆಲ್ಲ ಸಕ್ಕರೆ ಹಂಚಿದೆ.

“ಅಜ್ಜಿ, ಹಂಚಲಿಕ್ಕ ಸಕ್ಕರಿನೇ ಬೇಕಾಗಿತ್ತೇನು?” ಎಂದು ಫೋನಿನಲ್ಲಿ ನಕ್ಕಳು.

ಪಕ್ಕದ ಮನೆಯಾಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಕೇಳಿದಳು: “ಮೊಮ್ಮಗಳ ಶಾಣ್ಯಾತನ ಯಾರದ್ರೀ ಅಮ್ಮಾ?”

“ನಮ್ಮ ಮಾಮಾಂದು,” ಅಂದೆ. ಯಾರದು ಎಂಬ ಮಾತನ್ನು ನಾನು ನುಂಗಲಿಲ್ಲ.